ಬೆರಳಿನ ಬದಲು ಬೆಂಡೆಕಾಯಿ

ಲೋಕಲ್ ರೈಲು ನಿಲ್ಲುವ ಕಳವಾ ಸ್ಟೇಷನ್ ಹತ್ತಿರ ಮಡಚುವ ಚಾಕು ಮಾರುತ್ತಿದ್ದ ವಿಜಯಪುರದ ಕಾಕಾ, ಪರೀಕ್ಷೆ ಮಾಡದೆ ಯಾರಿಗೂ ಚಾಕು ಕೊಡುತ್ತಿರಲಿಲ್ಲ. ಅಲಗು ಬಿಚ್ಚಿ, ಹಿಡಿಯ ಸಂದಿಯಲ್ಲಿ ಬೆರಳು ಬರುವ ಕಡೆ ಒಂದು ಬೆಂಡೆಕಾಯಿ ಇಟ್ಟು, ಅಲಗಿನ ಬೆನ್ನನ್ನು ಹಲಗೆಗೆ ಕುಟ್ಟುತ್ತಿದ್ದರು. "ಬಿಚ್ಚೂದು ಎಲ್ಲಾ ಬಿಚ್ಚತಾವ್ರೀ, ನಿಲ್ಲೂದು ನೋಡ್ರಿ" ಎನ್ನುವುದು ಅವರ ಮಾತು.

ಅವತ್ತು ನನ್ನ ಮುಂದೆ ನಿಂತಿದ್ದ ಹಮಾಲ ಎರಡು ಅಗ್ಗದ ಚಾಕು ಹಿಡಿದು ನೋಡುತ್ತಿದ್ದ. ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ಒಂದಕ್ಕೆ ಬೆನ್ನಿನಲ್ಲಿ ಸ್ಪ್ರಿಂಗ್ ಲಾಕ್, ಇನ್ನೊಂದಕ್ಕೆ ಹಿಡಿಯೊಳಗೆ ತೆಳು ಪಟ್ಟಿಯ ಲಾಕ್.

"ಲೋಕಲ್ ಬಂತು ಕಾಕಾ, ನಿಮ್ಮ ಬೆಂಡೀಕಾಯಿ ಮನ್ಯಾಗ ಹುರ್ಕೊಂಡ್ ತಿನ್ರಿ" ಎಂದು ನಗುತ್ತ, ಬೆರಳು ಸಂದಿಯ ಮೇಲೇ ಇಟ್ಟುಕೊಂಡು ಪಟ್ಟಿ ಲಾಕಿನ ಚಾಕುವಿನ ಮೊನೆಯನ್ನು ಹಲಗೆಗೆ ಒತ್ತಹೋದ. ಕಾಕಾ ಥಟ್ಟನೆ ಅವನ ಮುಂಗೈ ಹಿಡಿದು ಚಾಕು ಕಿತ್ತುಕೊಂಡರು. ಬೆಂಡೆಕಾಯಿ ಇಟ್ಟು ಕುಟ್ಟಿದರು. ಪಟ್ಟಿ ಜಾರಿತು, ಅಲಗು ಮಡಚಿಕೊಂಡಿತು, ಕಾಯಿ ಎರಡಾಯಿತು.

ಆ ಕಚಕ್ ಸದ್ದು ನನಗೆ ಈಗಲೂ ಕೇಳಿಸುತ್ತದೆ, ಕೇಳಿಸಿದಾಗಲೆಲ್ಲ ಬೆರಳು ಮುದುಡಿಕೊಳ್ಳುತ್ತೇನೆ. ಹಮಾಲ ಬೆನ್ನಿನ ಲಾಕಿನದ್ದಕ್ಕೆ ಕೈ ಚಾಚಿದ. ಅದನ್ನೂ ಕುಟ್ಟಿ ನೋಡಿಯೇ ಕೊಟ್ಟ ಕಾಕಾ, ತುಂಡಾದ ಕಾಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಪಲ್ಯಕ್ಕ ಹೆಂಗೂ ಹೆಚ್ಚಬೇಕಲ್ರಿ."