ಡಬ್ಬಿಯ ಮೇಲಿನ ಪೈಲ್ವಾನನ ಕಿವಿ

ಇವತ್ತಿನ ಬೆಳಗೂ ಎಂದಿನಂತೆಯೇ ಆಯಿತು. ಅಂಗಳಕ್ಕೆ ಸಗಣಿನೀರು ಹೊಡೆದು, ಒಲೆ ಹೊತ್ತಿಸಿ, ರೊಟ್ಟಿ ಬಡಿದು ಮುಗಿಸಿ, ಪಲ್ಯಕ್ಕೆ ಒಗ್ಗರಣೆ ಹಾಕಲು ಸಾಸಿವೆ ಡಬ್ಬಿಗೆ ಕೈಯಿಟ್ಟೆ. ಮುಚ್ಚಳ ತೆಗೆದರೆ ಸಾಸಿವೆಗಿಂತ ಮೊದಲು ಲವಂಗ ಮೂಗಿಗೆ ಬಡಿಯುತ್ತದೆ. ನಾನು ಅದರಲ್ಲಿ ಎಂದೂ ಲವಂಗ ಇಟ್ಟವಳಲ್ಲ. ಎಷ್ಟು ತೊಳೆದರೂ ಹೋಗದ ಹಳೆಯ ವಾಸನೆ ಅದು.

ಡಬ್ಬಿಗೆ ಅಂಟಿಸಿದ ಕಾಗದ ಅರ್ಧ ಸುಲಿದಿದೆ. ಉಳಿದ ಅರ್ಧದಲ್ಲಿ ಲಂಗೋಟಿ ಕಟ್ಟಿದ ಇಬ್ಬರು ನಿಂತಿದ್ದಾರೆ. ಒಬ್ಬನ ಎದೆಗೂಡೆಲ್ಲ ಕಾಣುತ್ತದೆ. ಅವನ ಕೆಳಗೆ 'ಮೊದಲು' ಎಂದಿದೆ. ಇನ್ನೊಬ್ಬ ತೊಲೆಯಂಥವನು, ಅವನ ಕೆಳಗೆ 'ನಂತರ'. ಇಬ್ಬರೂ ಒಬ್ಬನೇ, ನಡುವೆ ಆದದ್ದೆಲ್ಲ ತನ್ನೊಳಗಿದ್ದ ಲವಂಗ ಬೆರೆತ ಶಕ್ತಿಪುಡಿಯ ಪ್ರತಾಪ ಎನ್ನುವುದು ಡಬ್ಬಿಯ ಮಾತು.

ಇದನ್ನು ಮನೆಗೆ ತಂದವನು ನನ್ನ ಮೈದುನ ಬಸಪ್ಪ. ನಾನಾಗ ಹಾನಗಲ್ಲಿಗೆ ಸೊಸೆಯಾಗಿ ಬಂದ ಹೊಸದು. ಬಸಪ್ಪ ಗರಡಿಮನೆಯ ಹುಡುಗ. ಸವಣೂರಿನಲ್ಲಿ ಅವನ ಕುಸ್ತಿ ನಿಗದಿಯಾಗಿತ್ತು. ಹಿರೇಕೆರೂರಿನ ಸಂತೆಯಲ್ಲಿ ಒಬ್ಬ ಗ್ರಾಮೊಫೋನ್ ಹಚ್ಚಿ ಜನ ಕೂಡಿಸಿ ಈ ಪುಡಿ ಮಾರುತ್ತಿದ್ದನಂತೆ. ಡಬ್ಬಿಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ, 'ಹಾಲು, ತುಪ್ಪ, ಬಾದಾಮಿಯ ಗೊಡವೆ ಬೇಡ' ಎಂದಿತ್ತು. ಬಸಪ್ಪ ಅಂದಿನಿಂದಲೇ ಗೊಡವೆ ಬಿಟ್ಟ.

"ನಮ್ಮ ಎಮ್ಮಿ ನಿನಗೇನ್ ಮಾಡಿತ್ತೋ ಬಸ್ಯಾ? ಅದರ ಹಾಲು ಕಂಡ್ರ ಮಾರಿ ತಿರುವ್ತಿ!" ಎಂದು ಅತ್ತೆ ಗದರಿದರು. ಅವನು ಕೇಳಲಿಲ್ಲ. ನೋಡನೋಡುತ್ತ ಅವನ ಗಲ್ಲ ಬತ್ತಿತು, ಅಟ್ಟ ಹತ್ತಿದರೆ ಏದುಸಿರು. ಕುಸ್ತಿಯೋ ಹತ್ತಿರ ಬರುತ್ತಿತ್ತು. ಇವನನ್ನು ಸವಣೂರಿನವರು ಎತ್ತಿ ಒಗೆದರೆ ಏನು ಗತಿ ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸುವರು.

ನನ್ನ ವಿದ್ಯೆಯ ಮಾತು ಸ್ವಲ್ಪ ಹೇಳಬೇಕು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಲೇಸು ಹೆಣೆಯುವುದನ್ನೂ ಇಂಗ್ಲಿಷ್ ಹಾಡುಗಳನ್ನೂ ಕಲಿಸಿದರು. ಯಾವ ಕಾಗದವನ್ನೇ ಆಗಲಿ ಕೊನೆಯ ಸಾಲಿನವರೆಗೆ ಓದುವ ಚಟವನ್ನೂ ಹಚ್ಚಿದರು. ಮೊದಲಿನ ಎರಡು ವಿದ್ಯೆಗಳು ರೊಟ್ಟಿ ಬಡಿಯುವ ಮನೆಯಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಮೂರನೆಯದರಿಂದ ಮಾತ್ರ ನಾನು ಇಡೀ ಓಣಿಯ ಔಷಧದ ಬಾಟ್ಲಿಗಳ ಪಂಡಿತೆಯಾದೆ. ಡಬ್ಬಿಯನ್ನೂ ತಳದವರೆಗೆ ಓದಿದೆ. ಅಲ್ಲಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ, 'ದಿನಾಲು ಹಾಲು, ತುಪ್ಪ, ಬಾದಾಮಿಯ ಜೊತೆಗೆ ಸೇವಿಸಬೇಕು' ಎಂದಿತ್ತು! ಓಡಿಹೋಗಿ ಹೇಳಿದೆ.

ಬಸಪ್ಪ ನಕ್ಕುಬಿಟ್ಟ. "ವೈನಿ, ಇಂಗ್ಲೀಷಿನ್ಯಾಗ ಬರದದ್ದು ಸಾಹೇಬ್ರ ಮೈಗ್ರಿ. ನಮ್ಮ ಮೈಗೆ ಕನ್ನಡದಾಗ ಬರದಾರ."

ಡಬ್ಬಿ ಹಿಡಿದುಕೊಂಡು ಒಳಗೆ ಬಂದೆ.

ಆದರೆ ಸಂಶಯ ಒಮ್ಮೆ ಹೊಕ್ಕರೆ ಹೋಗುತ್ತದೆಯೇ? ಜೋಳ ಹಸನು ಮಾಡುತ್ತ ಕೂತಾಗಲೂ ಡಬ್ಬಿ ಪಕ್ಕದಲ್ಲೇ. ಸಣ್ಣವನು ಬೇರೆ, ದಪ್ಪಗಿನವನು ಬೇರೆ ಇರಬೇಕೆಂದು ಪತ್ತೆ ಹಚ್ಚಲು ಹೊರಟೆ. ಮೀಸೆಯ ತಿರುವು ಒಂದೇ, ಗದ್ದದ ಮಚ್ಚೆ ಒಂದೇ. ಇಬ್ಬರೂ ನಿಜವಾಗಿ ಒಬ್ಬನೇ! ನನ್ನ ಸಂಶಯಕ್ಕೆ ನನಗೇ ನಾಚಿಕೆಯಾಯಿತು. ಡಬ್ಬಿ ಕೆಳಗಿಡುವಾಗ ಕಿವಿಗಳು ಕಂಡವು. ಎರಡೂ ಚಿತ್ರಗಳಲ್ಲಿ ಹಿಸುಕಿದ ಕಡುಬಿನಂಥ ಕಿವಿ. ಬಸಪ್ಪನವೂ ಹಾಗೆಯೇ; ಮದುವೆಯಾಗಿ ಬಂದಾಗ ನೋಡಿ ಹೆದರಿದ್ದೆ. ವರ್ಷಗಟ್ಟಲೆ ಕುಸ್ತಿ ಹಿಡಿದವರ ಕಿವಿಗಳು ಹಾಗೇ ಮುರಿಯುತ್ತವೆ ಎಂದು ನಮ್ಮ ಯಜಮಾನರು ಸಮಾಧಾನ ಹೇಳಿದ್ದರು.

ಸಂಜೆ ಬಸಪ್ಪ ಬಂದ ಕೂಡಲೇ ಕೇಳಿದೆ. "ಈ ಬಡಕಲ ಮನಷ್ಯಾ ಇನ್ನೂ ಪುಡಿ ತಿಂದಿಲ್ಲ, ಹೌದಲ್ಲ?"

"ಹೌದ್ರಿ. 'ಮೊದಲು' ಅಂತ ಬರದಾರಲ್ರಿ."

"ಹಂಗಾದ್ರ ಅವನ ಕಿವಿ ಯಾವಾಗ ಮುರದ್ವು?"

ಅವನು ಡಬ್ಬಿಯನ್ನು ಬಾಗಿಲ ಬೆಳಕಿಗೆ ಒಯ್ದ. ಕೈ ತಾನೇ ತನ್ನ ಕಿವಿಗೆ ಹೋಯಿತು.

"ವೈನಿ, ಇವ ಮೊದಲ ಪೈಲ್ವಾನ ಇದ್ದಾಂವ್ರಿ. ಆಮ್ಯಾಲೆ ಬ್ಯಾನಿ ಬಿದ್ದು ಸೊರಗ್ಯಾನ. ಕಳ್ಳ ಮಕ್ಕಳು ಫೋಟೋ ಹಿಂದ ಮುಂದ ಹಚ್ಚ್ಯಾರ!" ಎಂದವನು ಒಳಗೆ ತಿರುಗಿ, "ಯವ್ವಾ, ಹಾಲು ಐತೇನು?" ಎಂದು ಕೂಗಿದ.

ಮುಂದಿನ ಸಂತೆಯಲ್ಲಿ ಗರಡಿಯ ಗೆಳೆಯರೊಂದಿಗೆ ಹೋಗಿ ತುಂಬಿದ ಜನರ ನಡುವೆ ಆ ಕಿವಿಗಳ ಲೆಕ್ಕ ಕೇಳಿದ. ಮಾರುವವನು ಹಾಡು ಅರ್ಧಕ್ಕೆ ನಿಲ್ಲಿಸಿ ಗ್ರಾಮೊಫೋನ್ ಹೊತ್ತುಕೊಂಡು ಹೋದವನು ಮತ್ತೆ ಈ ಕಡೆ ಸುಳಿಯಲಿಲ್ಲ. ಸವಣೂರಿನಲ್ಲಿ ಬಸಪ್ಪ ಗೆಲ್ಲಲಿಲ್ಲ, ಆದರೆ ಬೆನ್ನಿಗೆ ಮಣ್ಣೂ ಹತ್ತಿಸಿಕೊಳ್ಳಲಿಲ್ಲ. ಕುಸ್ತಿ ಸಮ ಎಂದು ಬಿಡಿಸಿದರು. ಉಳಿದ ಪುಡಿಯನ್ನು ಎಮ್ಮೆಗೆ ಇಟ್ಟೆವು. ಅದು ಮೂಸಿ ನೋಡಿ ಮುಖ ತಿರುಗಿಸಿತು. ಒಬ್ಬ ಸುಳ್ಳನನ್ನು ನಮ್ಮ ಸೀಮೆಯಿಂದಲೇ ಓಡಿಸಿದೆನೆಂದು ನಾನು ಮಾತ್ರ ಇಷ್ಟು ವರ್ಷ ಒಳಗೊಳಗೇ ಬೀಗುತ್ತ ಬಂದೆ.

ಇವತ್ತು ಸಂಜೆ ಪಕ್ಕದ ಮನೆಯ ಗಂಗಕ್ಕ ಸಾಸಿವೆ ಕೇಳಲು ಬಂದಳು. ಡಬ್ಬಿ ನೋಡಿ ಅವಳ ಮುಖ ಅರಳಿತು.

"ಅಯ್ಯ, ಇದ ಪುಡೀನ ಮೊನ್ನೆ ನಮ್ಮ ಮಗಾ ಶಿಗ್ಗಾಂವದಾಗ ತಗೊಂಡಾನ್ರಿ. ಹಾಲು ಮುಟ್ಟವಲ್ಲ ಈಗ."

ನನ್ನ ಕೈಯ ಚಮಚೆ ಡಬ್ಬಿಯಲ್ಲೇ ನಿಂತಿತು. ಅವನನ್ನು ಕರೆದುಕೊಂಡು ಬಾ, ಈ ಕಿವಿ ತೋರಿಸುತ್ತೇನೆ ಎಂದು ಬಾಯಿ ತೆರೆಯುವಷ್ಟರಲ್ಲಿ ಗಂಗಕ್ಕ ಚಿತ್ರದ ಮೇಲೆ ಬಗ್ಗಿದಳು. ಸಾಸಿವೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತ ಅಂದಳು:

"ನಮ್ಮ ಡಬ್ಬಿ ಮ್ಯಾಲೆ ಇಬ್ಬರೂ ಕಿವಿ ಮುಚ್ಚೂವಂಗ ತಲಿಗೆ ಪಟಕಾ ಸುತ್ಯಾರ ನೋಡ್ರಿ. ಮೈಮ್ಯಾಲೆ ಬರೇ ಲಂಗೋಟಿ! ತಲಿಗಷ್ಟ ಥಂಡಿ ಹತ್ತಿರಬೇಕು, ಪಾಪ."