ಅಪ್ಪನ ತೂಕದ ಸ್ಪ್ರಿಂಗು

ಗಾಡಿ ಕೊಂಡವರು ಅಪ್ಪ, ಓಡಿಸುವವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಜಗಳ ಇರುವುದೇ ಅಲ್ಲಿ. ಮಣ್ಣಿನಲ್ಲಿ ರೇಸ್ ಓಡಿಸಲೆಂದೇ ಮಾಡಿದ ನಾಲ್ಕು ಗಾಲಿಯ ಕ್ವಾಡ್ ಬೈಕು ಅದು. ಮುಚ್ಚಿಹೋದ ಒಂದು ರೆಸಾರ್ಟಿನವರಿಂದ ತಂದದ್ದು. ಧಾರವಾಡದಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದ ಅಪ್ಪನಿಗೆ ಅದರ ಹುಚ್ಚು ಹೇಗೆ ಹತ್ತಿತೋ, ದೇವರೇ ಬಲ್ಲ. ಮುಗದದ ಕಡೆ ಗೆಳೆಯರೊಬ್ಬರ ಬೀಳು ಹೊಲದಲ್ಲಿ ಪ್ರತಿ ರವಿವಾರ ನನಗೆ ಕಲಿಸಿದರು. ಎರಡು ವರ್ಷದಲ್ಲಿ ನಾನು ಅವರನ್ನೇ ಹಿಂದೆ ಹಾಕಿದೆ. ಅದಕ್ಕೆ ಅವರು ಖುಷಿಪಟ್ಟರು. ಸುಳ್ಳು ಯಾಕೆ ಹೇಳಲಿ?

ಅದೇ ಹೊಲದಲ್ಲಿ ಒಂದು ರೇಸು ನಿಗದಿಯಾಯಿತು. ಬೆಳಗಾವಿಯ ಒಂದು ತಂಡದವರು ನೋಡಲು ಬರುವವರಿದ್ದರು, ಗೆದ್ದವರನ್ನು ತಮ್ಮ ತಂಡಕ್ಕೆ ತೆಗೆದುಕೊಳ್ಳುವವರಿದ್ದರು. ನನಗಾಗ ಇಪ್ಪತ್ಮೂರು. ಎಂ.ಎಸ್ಸಿ. ಮುಗಿದಿತ್ತು, ಮನೆಯಲ್ಲಿ ವರ ನೋಡುವ ಮಾತು ಶುರುವಾಗಿತ್ತು. ಆ ಒಂದು ಜಾಗ ನನಗೆ ಬೇಕಾಗಿತ್ತು. ಅಷ್ಟು ಆಸೆಯಿಂದ ಬೇರೆ ಏನನ್ನೂ ಬಯಸಿದ ನೆನಪಿಲ್ಲ.

ಗಾಡಿಯ ಕುಲುಕು ನುಂಗುವ ಹಳೆಯ ಶಾಕ್‌ಗಳು ಸತ್ತೇ ಹೋಗಿದ್ದವು. ತಿರುವಿನಲ್ಲಿ ಒಳಗಿನ ಗಾಲಿ ಎದ್ದುಬಿಡುತ್ತಿತ್ತು, ಕಲ್ಲು ಸಿಕ್ಕಾಗಲೆಲ್ಲ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಗೋಪನಕೊಪ್ಪದ ಒಬ್ಬ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆವು. ಏನೇನು ಬದಲಿಸಬೇಕೆಂದು ಹದಿನೈದು ದಿನ ಓದಿ, ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಮುಂದಿನ ಗಾಲಿಗಳನ್ನು ಇನ್ನಷ್ಟು ಅಗಲಕ್ಕೆ ನಿಲ್ಲಿಸುವ ಉದ್ದನೆಯ ಆರ್ಮ್‌ಗಳು, ಹ್ಯಾಂಡಲ್ಲಿನ ಅದುರಾಟ ತಡೆಯುವ ಡ್ಯಾಂಪರ್, ಮುಂದೆ ಎರಡು, ಹಿಂದೆ ಒಂದು ಹೊಸ ಶಾಕ್. ಅಪ್ಪ ಒಂದಕ್ಕೂ ಇಲ್ಲವೆನ್ನಲಿಲ್ಲ. "ನಮ್ಮ ಹುಡಿಗಿ ಅಭ್ಯಾಸ ನೋಡಪಾ," ಎಂದು ಮಿಸ್ತ್ರಿಗೆ ಹಾಳೆ ತೋರಿಸಿದರು.

ಉಳಿದದ್ದು ಶಾಕ್‌ಗಳ ಸ್ಪ್ರಿಂಗು. ಅದನ್ನು ಆರಿಸುವುದು ಓಡಿಸುವವರ ತೂಕ ನೋಡಿ. ಓಡಿಸುವವರು ಗಾಡಿಯ ಮೇಲೆ ಕೂರಬೇಕು, ಗಾಡಿ ಎಷ್ಟು ಕುಸಿಯಿತೆಂದು ಟೇಪು ಹಿಡಿದು ಅಳೆಯಬೇಕು, ಅದರ ಮೇಲೆ ಮೆತ್ತಗಿನದೋ ಬಿರುಸಿನದೋ ಹಾಕಬೇಕು. ಗ್ಯಾರೇಜಿನಲ್ಲಿ ಅಂದು ನಾಲ್ಕೈದು ಗಂಡಸರು ಚಹಾ ಕುಡಿಯುತ್ತ ನಿಂತಿದ್ದರು. ಅಪ್ಪ ನನ್ನನ್ನು ಎದುರಿನ ಅಂಗಡಿಗೆ ಕಳಿಸಿದರು, "ಒಂದ್ ನೀರಿನ ಬಾಟ್ಲಿ ತೊಗೊಂಡ ಬಾರವಾ." ನಾನು ಮರಳುವಷ್ಟರಲ್ಲಿ ಅವರೇ ಗಾಡಿಯ ಮೇಲೆ ಕೂತಿದ್ದರು, ಮಿಸ್ತ್ರಿ ಕೆಳಗೆ ಕೂತು ಅಳೆಯುತ್ತಿದ್ದ.

"ಅಪ್ಪಾ, ಓಡಸಾಕಿ ನಾನು," ಎಂದೆ.

"ಮಾಪ ಹೆಂಗ ತಗೀತಾರಂತ ನೋಡಾಕತ್ತೇನಿ. ನಿನ್ನ ತೂಕ ಆಮ್ಯಾಲ ಹೇಳ್ತೇನಿ, ಸುಮ್ನಿರು."

ನಂಬಿದೆ. ಅಪ್ಪ ತೊಂಬತ್ತು ಕಿಲೋ, ನಾನು ನಲವತ್ತೆಂಟು. ಗಾಡಿ ಕೈಗೆ ಬಂದಾಗ ಕಲ್ಲಿನ ಮೇಲೆ ಕೂತಂತಿತ್ತು. ಹೇಳಿದೆ. "ಹೊಸಾದೈತಿ, ನಾಕ್ ದಿನಕ್ಕ ಸಡ್ಲಾಗತೈತಿ," ಎಂದರು ಅಪ್ಪ. ಅದನ್ನೂ ನಂಬಿದೆ, ಮಳ್ಳಿ!

ರೇಸಿನ ದಿನ ಮೊದಲ ಎರಡು ಸುತ್ತು ನಾನೇ ಮುಂದೆ. ಪ್ರತಿ ಉಬ್ಬಿಗೂ ಗಾಡಿ ನನ್ನನ್ನು ಸೀಟಿನಿಂದ ಎತ್ತಿ ಒಗೆಯುತ್ತಿತ್ತು. ಮೂರನೆಯ ಸುತ್ತಿನಲ್ಲಿ ದಿಬ್ಬ ಹಾರಿ ಇಳಿದಾಗ ಹಿಂದಿನ ಶಾಕ್ ಒತ್ತಿಕೊಳ್ಳಲೇ ಇಲ್ಲ. ಗಾಡಿಯ ಹಿಂಭಾಗ ಎಗರಿತು, ನಾನು ಹ್ಯಾಂಡಲ್ ದಾಟಿ ಎಡಗೈ ಊರಿ ಬಿದ್ದೆ. ಸತ್ತೂರಿನ ಆಸ್ಪತ್ರೆಯಲ್ಲಿ ಮುರಿದ ಮಣಿಕಟ್ಟಿಗೆ ಪ್ಲೇಟು ಕೂರಿಸಿದರು. ಬೆಳಗಾವಿಯವರು ಇನ್ನೊಬ್ಬರನ್ನು ಆರಿಸಿಕೊಂಡು ಹೋದರು.

ಪ್ಲಾಸ್ಟರ್ ಕೈಯಲ್ಲೇ ಗ್ಯಾರೇಜಿಗೆ ಹೋಗಿ ಮಿಸ್ತ್ರಿಯನ್ನು ಹಿಗ್ಗಾಮುಗ್ಗಾ ಬೈದೆ. "ಯಾರ ತೂಕಕ್ಕ ಹಾಕಿದ್ರಿ ಸ್ಪ್ರಿಂಗು? ಕಣ್ಣ ಇದ್ದಿಲ್ಲೇನ್ ನಿಮಗ?"

ಅವನು ಬೈಸಿಕೊಂಡು ಮುಗಿಸಿದ ಮೇಲೆ ಮೆಲ್ಲಗೆ ಹೇಳಿದ. "ಅಕ್ಕಾರ, ನಾ ಅವತ್ತ ಕೇಳಿದ್ನಿರಿ. ಓಡಸಾವ್ರ ಕುಂದ್ರಬೇಕ್ರಿ, ಅಕ್ಕಾರನ್ನ ಕರೀರಿ ಅಂದೆ. ಮಾಸ್ತರ್ರು ಬ್ಯಾಡ ಅಂದ್ರು. ತೂಕರ ಹೇಳ್ರಿ ಅಂದೆ. ಹೆಣ್ಮಕ್ಕಳ ತೂಕ ಮಂದ್ಯಾಗ ಕೇಳ್ತಿಯೇನಲೇ, ನಂದ ಹಿಡದ ಹಾಕು ಅಂದ್ರು. ಅವರ ಕೈಯಾಗ ಸಾಲಿ ಕಲ್ತಾವ್ರಿ ನಾ. ಎದುರ ಮಾತಾಡಾಕ ಬಾಯಿ ಬರ್ಲಿಲ್ರಿ."

ಮನೆಗೆ ಬಂದು ಕೇಳಿದೆ. ಅಪ್ಪ ಪೇಪರು ಕೆಳಗಿಡಲೂ ಇಲ್ಲ.

"ಹೌದು, ಅಂದೆ. ಏನೀಗ? ಅಷ್ಟ ಗಂಡಸರ ನಡುವ ನಿನ್ನ ಗಾಡಿ ಮ್ಯಾಲ ಕುಂದ್ರಿಸಿ, ಅಂವ ಕೆಳಗ ಕುಂತು ಮಾಪ ತಗೀಬೇಕಿತ್ತೇನು?"

"ಅದ ಗಾಡಿ ಮ್ಯಾಲ ಊರ ಮಂದಿ ಮುಂದ ಕುಂತಿದ್ನೆಲ್ರಿ ಅಪ್ಪಾ! ಅದು ನಡೀತು, ಇದು ನಡೀಲಿಲ್ಲೇನು?"

"ಅಲ್ಲಿ ಮಾರಿ ಮ್ಯಾಲ ಹೆಲ್ಮೆಟ್ ಇತ್ತು," ಎಂದರು.

ಥೂ ಅನ್ನಿಸಿತು. ಬಾಯಿ ಬಿಟ್ಟು ಅನ್ನಲಿಲ್ಲ, ಅಷ್ಟೇ. ಇದೇ ಮನುಷ್ಯ ನನಗೆ ಹೊಲದಲ್ಲಿ ಗಾಡಿಯ ಹಿಂದೆ ಓಡಿ ಓಡಿ ಕಲಿಸಿದವರು. ನನ್ನ ಎಲುಬು ಮುರಿಯಬಹುದು, ನನ್ನ ತೂಕ ಮಾತ್ರ ಯಾರಿಗೂ ತಿಳಿಯಬಾರದು! ಎರಡು ತಿಂಗಳು ಮಾತು ಬಿಟ್ಟೆ. ಒಂದೇ ಮನೆಯಲ್ಲಿದ್ದು ಊಟದ ತಾಟು ಒಯ್ದು ಅಡುಗೆಮನೆಯಲ್ಲಿ ಕೂತು ಉಂಡೆ.

ಪ್ಲಾಸ್ಟರ್ ಬಿಚ್ಚಿ ಕೆಲವು ವಾರಗಳಾದ ಮೇಲೆ ಅಪ್ಪ ನನ್ನನ್ನು ಗ್ಯಾರೇಜಿಗೆ ಕರೆದೊಯ್ದರು. ಮೆತ್ತಗಿನ ಸ್ಪ್ರಿಂಗು ತರಿಸಿದ್ದರು. ಆಗಲೂ ಅಲ್ಲಿ ಗಂಡಸರಿದ್ದರು, ಚಹಾ ನಡೆದಿತ್ತು. ಅಪ್ಪ ತಾವೇ ಟೇಪು ಹಿಡಿದು ಆಯಿಲ್ ಚೆಲ್ಲಿದ ನೆಲದ ಮೇಲೆ ಮೊಣಕಾಲೂರಿದರು. "ಕುಂದ್ರವಾ," ಎಂದರು. ಕೂತೆ. ನನ್ನ ತೂಕವನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಯಾರೂ ತಲೆ ಎತ್ತಿ ನೋಡಲಿಲ್ಲ. ಅಳೆದದ್ದು ಐದು ನಿಮಿಷದಲ್ಲಿ ಮುಗಿಯಿತು. ಆ ಐದು ನಿಮಿಷ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಲ್ಲಿಂದ ಹೊಲಕ್ಕೆ ಹೋದೆವು. ಗಾಡಿ ಮೊದಲ ಸಲ ನನ್ನ ಮಾತು ಕೇಳಿತು. ಉಬ್ಬು ಬಂದಲ್ಲಿ ಕುಸಿದು, ತಿರುವಿನಲ್ಲಿ ನಾಲ್ಕೂ ಗಾಲಿ ನೆಲಕ್ಕೆ ಹಚ್ಚಿಕೊಂಡು ಹೋಯಿತು. ಎರಡನೆಯ ಸುತ್ತಿಗೆ ಎಡಗೈ ಬೆರಳು ಕ್ಲಚ್ಚಿನ ಮೇಲೆ ಮಡಚಲೊಲ್ಲದಾದವು. ಹಲ್ಲು ಕಚ್ಚಿ ಎಳೆದೆ. ಆಗಲಿಲ್ಲ. ಹೊಲದ ನಡುವೆ ನಿಂತುಬಿಟ್ಟೆ.

ಅಪ್ಪ ಏದುಸಿರು ಬಿಡುತ್ತ ಓಡಿಬಂದರು. "ಯಾಕವಾ, ಇನ್ನೂ ಬಿರುಸೈತೇನು? ಹೇಳು, ಬದಲಿ ಮಾಡಸೋಣು."

"ಗಾಡಿ ಬರೋಬ್ಬರಿ ಐತ್ರಿ ಅಪ್ಪಾ," ಎಂದೆ. "ಕೈ ಹಿಡೀವಲ್ದು."

ಅವರು ನನ್ನ ಕೈಗವಸು ಜಗ್ಗಿ ತೆಗೆದು, ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದರು.

"ಸಾಕ ಬಿಡ್ರಿ," ಎಂದೆ. ಅವರು ಬಿಡಲಿಲ್ಲ.