ದುರ್ಬೀನಕ್ಕ ಹಂಚಿಕೊಟ್ಟ ಕಡಲು

ಬಂದರಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ದುರ್ಬೀನಕ್ಕ ಎಂದೇ. ತಿಮಿಂಗಿಲ ತೋರಿಸಲು ಪ್ರವಾಸಿಗರನ್ನು ಕರೆದೊಯ್ಯುವ ದೋಣಿಯಲ್ಲಿ ಅವಳ ತಮ್ಮ ಚುಕ್ಕಾಣಿ ಹಿಡಿದರೆ, ಅಕ್ಕ ಮೇಲಿನ ಅಟ್ಟಣಿಗೆಯಲ್ಲಿ ನಿಂತು ನೀರು ನೋಡುತ್ತಿದ್ದಳು. ಹತ್ತೊಂಬತ್ತು ವರ್ಷ ಅದೇ ಕೆಲಸ. ಮೈಲಿಯಾಚೆ ತಿಮಿಂಗಿಲ ಉಸಿರು ಬಿಟ್ಟರೆ, ಆ ಬಿಳಿ ತುಂತುರು ಗಾಳಿಯಲ್ಲಿ ಕರಗುವ ಮೊದಲೇ ಅವಳ ಕೈ ಅತ್ತ ಚಾಚಿರುತ್ತಿತ್ತು. ನಮ್ಮಕ್ಕನ ಕಣ್ಣು ತಪ್ಪಿಸಿ ಸೀಗಡಿಯೂ ಉಸಿರಾಡುವ ಹಾಗಿಲ್ಲ ಎಂದು ತಮ್ಮ ಹೇಳಿ ನಗಿಸುತ್ತಿದ್ದ.

ಆ ವರ್ಷ ದೀಪದ ಸುತ್ತ ಬೆಳಕು ಬಳೆಬಳೆಯಾಗಿ ಕಾಣತೊಡಗಿತು. ಸೂಜಿಗೆ ದಾರ ಪೋಣಿಸಲು ತಮ್ಮನ ಹೆಂಡತಿಯನ್ನು ಕರೆಯಬೇಕಾಯಿತು. ದುರ್ಬೀನಿನ ಗಾಜನ್ನು ದಿನಕ್ಕೆ ಹತ್ತು ಸಲ ಒರೆಸಿದಳು, ಮಂಜು ಗಾಜಿನಲ್ಲಿರಲಿಲ್ಲ. ಕಣ್ಣೇ ಅನ್ನ ಹಾಕುವ ಕೆಲಸದಲ್ಲಿ, ಕಣ್ಣು ಮಸುಕಾಯಿತೆಂದು ಹೇಳುವ ಬಾಯಿ ಎಲ್ಲಿಂದ ಬರಬೇಕು?

ಒಂದು ಬೆಳಗ್ಗೆ ಇಪ್ಪತ್ತೆರಡು ಜನರೊಂದಿಗೆ ಹೊರಟರು. ಬಂಡೆಗಳ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳು, ದೋಣಿಯ ಮುಂದೆ ನೆಗೆಯುವ ಡಾಲ್ಫಿನ್ನುಗಳು ಎಲ್ಲ ಸಿಕ್ಕವು, ತಿಮಿಂಗಿಲದ ಸುಳಿವಿಲ್ಲ. ಎರಡು ತಾಸಿನ ಮೇಲೆ ದೂರದಲ್ಲಿ ಕಪ್ಪು ಬೆನ್ನೊಂದು ಎದ್ದಿಳಿದಂತಾಗಿ ಅವಳು ಕೂಗಿದಳು. ತಮ್ಮ ದೋಣಿ ತಿರುಗಿಸಿದ. ಜನ ಕ್ಯಾಮೆರಾ ಹಿಡಿದು ಒಂದೇ ಬದಿಗೆ ನುಗ್ಗಿದರು. ಹತ್ತಿರ ಹೋದರೆ, ಅಲೆಯಲ್ಲಿ ಹೊರಳುತ್ತಿದ್ದದ್ದು ಯಾರದೋ ಮಾಳಿಗೆಯಿಂದ ಹಾರಿಬಿದ್ದ ಕಪ್ಪು ನೀರಿನ ಟ್ಯಾಂಕು.

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ಒಬ್ಬ ಹೇಳಿದ, ಎಲ್ಲರೂ ನಕ್ಕರು. ತಮ್ಮ ಮಾತ್ರ ಮೈಕು ಹಿಡಿದು, ಬಿಸಿಲ ಝಳಕ್ಕೆ ತನಗೂ ಹಾಗೆಯೇ ಕಂಡಿತೆಂದ. ನಗುವಿಗಿಂತ ಆ ಸುಳ್ಳು ಅವಳನ್ನು ಹೆಚ್ಚು ಚುಚ್ಚಿತು. ಇವನಿಗೆ ಗೊತ್ತಿದೆ ಎಂದು ಹೊಳೆಯಿತು.

ಏಣಿ ಇಳಿದು ಬಂದು ಮೈಕು ತೆಗೆದುಕೊಂಡಳು. "ಅವನಿಗೆ ಹಾಗೆ ಕಂಡಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿರ್ಬೇಕು. ಇನ್ನೊಂದು ತಾಸು ಇದೆ. ನೀವೇ ಹುಡುಕಿ, ಹೇಗೆ ನೋಡೋದು ಅಂತ ನಾನು ಹೇಳಿಕೊಡ್ತೀನಿ."

ದೋಣಿಯ ಸುತ್ತಲಿನ ಕಡಲನ್ನು ಅವರಿಗೆ ಪಾಲು ಮಾಡಿಕೊಟ್ಟಳು. ಗಾದೆ ಹೇಳಿದವನಿಗೆ ಹಿಂಬದಿ ಬಂತು. ತಿಮಿಂಗಿಲವನ್ನೇ ಹುಡುಕಬೇಡಿ, ಉಳಿದ ನೀರಿನಂತಿಲ್ಲದ ನೀರನ್ನು ಹುಡುಕಿ ಎಂದಳು. ನಗು ಅಡಗಿತು. ಮುಕ್ಕಾಲು ತಾಸು ಎಲ್ಲರೂ ತಂತಮ್ಮ ಪಾಲಿನ ನೀರನ್ನೇ ಹುಡುಕಿದರು.

ಕೊನೆಗೆ, ವಾಂತಿ ಬಂದು ಕಂಬಿಗೆ ಒರಗಿದ್ದ ಶಾಲೆಯ ಟೀಚರು ಸಂಕೋಚದಿಂದ ಹೇಳಿದರು, "ಇಲ್ಲಿ ನೀರು ಇಸ್ತ್ರಿ ಮಾಡಿದ ಹಾಗಿದೆ."

ಕೆಳಗೆ ತಿಮಿಂಗಿಲ ಬಾಲ ಬೀಸಿದರೆ ಮೇಲೆ ನೀರು ಹಾಗೆ ನುಣ್ಣಗಾಗುತ್ತದೆ. ದುರ್ಬೀನಕ್ಕ ತಮ್ಮನಿಗೆ ಹೇಳಿ ಎಂಜಿನ್ ನಿಲ್ಲಿಸಿಸಿದಳು. ಸ್ವಲ್ಪ ಹೊತ್ತಿಗೆ ದೊಡ್ಡದೊಂದು ಉಸಿರು, ಅದರ ಬೆನ್ನಿಗೇ ಚಿಕ್ಕದೊಂದು. ತಾಯಿ, ಮರಿ. ಅವಳಿಗೆ ಕಂಡದ್ದು ಎರಡು ಬೂದು ನೆರಳು ಮಾತ್ರ. ಟೀಚರು ಅವಳ ಮೊಣಕೈ ಹಿಡಿದು, ಮರಿ ತಾಯಿಯ ಬೆನ್ನೇರಲು ಹೋಗಿ ಜಾರುತ್ತಿರುವುದನ್ನು ಬಿಡಿಸಿ ಬಿಡಿಸಿ ಹೇಳಿದರು.

ದಡಕ್ಕೆ ಬಂದ ಮೇಲೆ ತಮ್ಮನನ್ನು ಕೇಳಿದಳು. ಎರಡು ತಿಂಗಳಿಂದ ಗೊತ್ತು, ನೀನೇ ಹೇಳಲಿ ಎಂದು ಕಾದೆ ಎಂದ.

"ಹೇಳಿದ್ರೆ ಕೆಲಸದಿಂದ ಇಳಿಸಿಬಿಡ್ತೀಯ ಅಂತ ಹೆದರಿದ್ದೆ ಕಣೋ."

"ನಿನ್ನ ಇಳಿಸಿ ನಾನು ಯಾರ ಜೊತೆ ಜಗಳ ಆಡ್ಲಿ, ಅಕ್ಕ?"

ಪೊರೆ ತೆಗೆಸಿದ ಮೇಲೆ ಅವಳ ಕಣ್ಣು ಮೊದಲಿನಂತಾಯಿತು. ಆದರೂ ಪ್ರತಿ ಸಲ ಕೆಳಗೆ ನಿಂತು ಕಡಲನ್ನು ಪಾಲು ಮಾಡಿಕೊಟ್ಟ ಮೇಲೆಯೇ ಅವಳು ಅಟ್ಟಣಿಗೆ ಹತ್ತುವುದು. ವೇಳೆ ಮೀರಿದರೂ ಜನ ತಮ್ಮ ಪಾಲಿನ ನೀರು ಬಿಟ್ಟು ಏಳುವುದಿಲ್ಲವೆಂದು ತಮ್ಮನ ದೂರು.